ಸೋಲಾರ್ ಟಾರ್ಚಿಗೆ ಬಾಯಿಲ್ಲ

ಮಾರ್ಚ್ 3, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಇದು ನನ್ನ ಹುಚ್ಚಲ್ಲ, ಹೆಂಡತಿಯ ಅಪ್ಪಣೆ. "ಸಂಜೆ ಬಂದು ಕೂತ್ರೆ ಒಂದೇ ಸಮ ಅವನ ಪುರಾಣ. ನನ್ನ ತಲೆ ತಿನ್ಬೇಡಿ. ಮಗಳ ಹಳೇ ನೋಟ್‌ಬುಕ್ಕಲ್ಲಿ ಅರ್ಧ ಖಾಲಿ ಇದೆ, ಅದ್ರಲ್ಲಿ ಬರ್ಕೊಳ್ಳಿ" ಎಂದಳು. ನಾನು ಅವನ ಸುದ್ದಿ ಎತ್ತುವುದೇ ಇಲ್ಲ. ಅವನು ಹೋಗಿ ಇವತ್ತಿಗೆ ಹದಿನೆಂಟು ದಿನವಾಯಿತು ಎಂದಷ್ಟೇ ಹೇಳಿದ್ದೆ.

ಅವನು ಎಂದರೆ ರೇಡಿಯೊ. ನಾನು ನೀರಿನ ಟ್ಯಾಂಕು, ಸಂಪು ತೊಳೆಯುವವನು. ಮಧ್ಯಾಹ್ನ ಹನ್ನೆರಡಕ್ಕೂ ಟ್ಯಾಂಕಿನೊಳಗೆ ಗವ್ವೆನ್ನುವ ಕತ್ತಲೆ. ಹನ್ನೊಂದು ವರ್ಷ ನಾನು ಒಳಗೆ ಇಳಿದು ಪಾಚಿ ಉಜ್ಜಿದೆ, ಅವನು ಮೇಲೆ ಟ್ಯಾಂಕಿನ ಬಾಯಿಯ ಹತ್ತಿರ ಮಂಡಿಯೂರಿ ಕೂತು ಟಾರ್ಚ್ ಹಿಡಿದ. ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರುವ ಜಾತಿಯಲ್ಲ, ಅದಕ್ಕೇ ಆ ಹೆಸರು. ಅವರ ಮನೆಯ ಕಥೆ, ಕಂಡವರ ಮನೆಯ ಕಥೆ, ನಡುನಡುವೆ "ಕೇಳಿಸ್ತಾ ಅಣ್ಣಾ?" ಎಂಬ ಪ್ರಶ್ನೆ. "ಬಾಯಿ ಮುಚ್ಕೊಂಡು ಬೆಳಕು ಬಿಡೋ" ಎಂದು ದಿನಕ್ಕೆ ಹತ್ತು ಸಲ ಬೈದಿದ್ದೇನೆ. ಈಗ ಪೈಲ್ವಾನನ ಜೊತೆ ಸೇರಿಕೊಂಡಿದ್ದಾನೆ. ಪೈಲ್ವಾನನೂ ಟ್ಯಾಂಕು ತೊಳೆಯುವವನೇ, ವಯಸ್ಸು ಇಪ್ಪತ್ತೆಂಟು, ತೋಳು ನನ್ನ ತೊಡೆಯಷ್ಟಿದೆ.

ಹೋಗಲಿ. ಇವತ್ತು ಒಂದು ಸೋಲಾರ್ ಟಾರ್ಚ್ ತಂದೆ. ಬೆನ್ನಿನ ಮೇಲೆ ಅಂಗೈಯಗಲದ ಕಪ್ಪು ಪಟ್ಟಿ, ತಲೆಯ ಹತ್ತಿರ ಕೊಕ್ಕೆ. ಬಿಸಿಲಿಗಿಟ್ಟರೆ ಅದರ ಊಟವಾಯಿತು. ಟೀ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಮುಖ್ಯವಾಗಿ ಮಾತಾಡುವುದಿಲ್ಲ.

ಮಾರ್ಚ್ 5, ಬುಧವಾರ

ದಂತವೈದ್ಯರ ಮನೆಯ ಮೇಲಿನ ಟ್ಯಾಂಕಿನಲ್ಲಿ ಹೊಸ ಟಾರ್ಚಿನ ಮೊದಲ ಕೆಲಸ. ನೀರು ಖಾಲಿಯಾಗುವವರೆಗೆ ಅದನ್ನು ತಾರಸಿಯ ಬಿಸಿಲಲ್ಲಿ ಬೆನ್ನು ಮೇಲಾಗಿ ಮಲಗಿಸಿದೆ. ಆಮೇಲೆ ಮುಚ್ಚಳದ ಅಂಚಿಗೆ ಕೊಕ್ಕೆ ಸಿಕ್ಕಿಸಿ ಇಳಿದೆ. ಏನು ಬೆಳಕು. ಮೂಲೆಯಲ್ಲಿದ್ದ ತುಕ್ಕಿನ ಮೊಳೆ ಕೂಡ ಕಂಡಿತು.

ಒಂದು ಸಣ್ಣ ತೊಂದರೆ ಇದೆ. ಅದು ನೇತುಹಾಕಿದ ಕಡೆಗೇ ನೋಡುತ್ತದೆ. ನಾನು ಈ ಗೋಡೆಗೆ ತಿರುಗಿದರೆ ನನ್ನ ನೆರಳೇ ನನ್ನ ಕೆಲಸದ ಮೇಲೆ ಬೀಳುತ್ತದೆ. ನಾಲ್ಕು ಸಲ ಏಣಿ ಹತ್ತಿ ತಿರುಗಿಸಿದೆ. ಮಂಡಿಗೆ ವ್ಯಾಯಾಮ. ಕೆಲಸ ಮುಗಿಯಲು ಒಂದು ಗಂಟೆ ಹೆಚ್ಚು ಹಿಡಿಯಿತು, ಆದರೆ ಎಷ್ಟು ನೆಮ್ಮದಿ.

"ಹೇಗಿದೆ ನಿಮ್ಮ ಹೊಸ ಜೊತೆಗಾರ?" ಎಂದಳು ಹೆಂಡತಿ. "ಬಂಗಾರ" ಎಂದೆ.

ಮಾರ್ಚ್ 10, ಸೋಮವಾರ

ಹೊಟ್ಟೆಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಒಂದು ತಾರಸಿಯ ಮೇಲೆ ಟಾರ್ಚನ್ನು ಬಿಸಿಲಿಗಿಟ್ಟು ನೀರು ಇಳಿಯಲೆಂದು ಕಾಯುತ್ತಿದ್ದೆ. ಪಕ್ಕದ ಬೀದಿಯ ತಾರಸಿಯಲ್ಲಿ ಯಾರೋ ನಕ್ಕರು. ಆ ನಗು ನನಗೆ ಗೊತ್ತು. ನೋಡಿದರೆ ಅವರೇ. ಪೈಲ್ವಾನ ಟ್ಯಾಂಕಿನೊಳಗೆ, ನಮ್ಮವನು ಬಾಯಿಯ ಹತ್ತಿರ ಮಂಡಿಯೂರಿ ಕೂತಿದ್ದಾನೆ. ಮೈಮೇಲೆ ಹೊಸ ನೀಲಿ ಅಂಗಿ, ತಲೆಗೆ ನೀಲಿ ಟೋಪಿ. ಪೈಲ್ವಾನ ಇಬ್ಬರಿಗೂ ಒಂದೇ ಬಟ್ಟೆಯಲ್ಲಿ ಹೊಲಿಸಿದ್ದಾನಂತೆ. ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಒಂದು ಟೋಪಿ ಕೊಡಿಸಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಕೇಳಿದ್ದರೆ ಕೊಡಿಸುತ್ತಿದ್ದೆನೋ ಏನೋ.

ಅವನ ಕೈ ನೋಡುತ್ತಾ ನಿಂತೆ. ಒಳಗಿನವನು ಎತ್ತ ತಿರುಗುತ್ತಾನೆಂದು ಅವನಿಗೆ ಮೊದಲೇ ಗೊತ್ತಾಗುತ್ತದೆ. ಬ್ರಷ್ಷು ತಲುಪುವುದಕ್ಕೆ ಮುಂಚೆ ಬೆಳಕು ಅಲ್ಲಿರುತ್ತದೆ. ಈ ವಿದ್ಯೆ ಅವನು ಕಲಿತದ್ದು ನನ್ನ ಬೆನ್ನು ನೋಡಿ. ನನ್ನ ಬೆನ್ನಿನ ಮೇಲೆ ಕಲಿತದ್ದನ್ನು ಆ ಗೂಳಿಯ ಬೆನ್ನಿಗೆ ಧಾರೆ ಎರೆಯುತ್ತಿದ್ದಾನೆ. ಹೊಟ್ಟೆ ಉರಿಯಿತು. ಉರಿಯಿತೆಂದರೆ ಸುಮ್ಮನೆ ಮಾತಿಗಲ್ಲ, ಎದೆಯ ಕೆಳಗೆ ನಿಜವಾಗಿ ಸುಡುತ್ತಿತ್ತು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ನನಗೆ ಸವತಿ ಬಂದಿದ್ರೂ ನಾನು ಇಷ್ಟು ಕೊರಗ್ತಿರ್ಲಿಲ್ಲ ಕಣ್ರೀ" ಎಂದಳು.

ಮಾರ್ಚ್ 11, ಮಂಗಳವಾರ

ನೀಲಿ ಬಣ್ಣ ಅವನಿಗೆ ಒಪ್ಪುವುದಿಲ್ಲ.

ಮಾರ್ಚ್ 15, ಶನಿವಾರ

"ಅಷ್ಟಕ್ಕೂ ಅವನು ಯಾಕೆ ಬಿಟ್ಟುಹೋದ?" ಎಂದು ಹೆಂಡತಿ ಇವತ್ತು ಮತ್ತೆ ಕೆದಕಿದಳು. ನನಗೇನು ಗೊತ್ತು ಎಂದೆ. ನಿಜವಾಗಿಯೂ ಗೊತ್ತಿಲ್ಲ. ಕೊನೆಯ ದಿನ ಜಗಳ ಕೂಡ ಆಗಿರಲಿಲ್ಲ. ಅವತ್ತು ನಿವೃತ್ತ ಮೇಷ್ಟರೊಬ್ಬರ ಮನೆಯ ಸಂಪು. ಕೆಲಸ ಮುಗಿಸಿ ಕೈಕಾಲು ತೊಳೆಯುವಾಗ ಮೇಷ್ಟರು ನನಗೆ ಕುರ್ಚಿ ಹಾಕಿಸಿ, ಅವನತ್ತ ನೋಡಿ, "ಇವರು ನಿಮ್ಮ ಪಾಲುದಾರರೋ?" ಎಂದರು. "ಅಯ್ಯೋ, ಇವನು ಯಾರೂ ಅಲ್ಲ ಸಾರ್, ಟಾರ್ಚ್ ಹಿಡಿಯೋನು" ಎಂದೆ. ಎಲ್ಲರೂ ನಕ್ಕೆವು. ಅವನು ನಕ್ಕನೋ ಇಲ್ಲವೋ ನೋಡಲಿಲ್ಲ. ಹಿಂತಿರುಗುವಾಗ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಸದ್ಯ, ಕಿವಿಗೆ ವಿಶ್ರಾಂತಿ ಎಂದುಕೊಂಡೆ. ಮಾರನೆಯ ದಿನದಿಂದ ಬರಲಿಲ್ಲ.

ಇದನ್ನು ಹೇಳಿದಾಗ ಹೆಂಡತಿ ಈರುಳ್ಳಿ ಸಿಪ್ಪೆಯನ್ನು ಒಟ್ಟುಮಾಡಿ ಎದ್ದುಹೋದಳು. ಅವಳೂ ಅವನ ಪಕ್ಷ.

ಸುಳ್ಳೇನು ಹೇಳಿದೆ? ಹಿಡಿಯುತ್ತಿದ್ದದ್ದು ಟಾರ್ಚ್ ತಾನೆ?

ಮಾರ್ಚ್ 21, ಶುಕ್ರವಾರ

ಎರಡು ದಿನದಿಂದ ಮೋಡ. ಟಾರ್ಚಿಗೆ ಹೊಟ್ಟೆ ತುಂಬಿರಲಿಲ್ಲ. ಆದರೂ ಒಪ್ಪಿಕೊಂಡ ಕೆಲಸ ಎಂದು ಒಂದು ಹಾಸ್ಟೆಲ್ಲಿನ ಸಂಪಿಗೆ ಇಳಿದೆ. ಮೂರು ಗೋಡೆ ಮುಗಿದಿತ್ತು. ಬೆಳಕು ಹಳದಿಯಾಯಿತು, ಕೆಂಪಾಯಿತು, ಹೋಯಿತು. ಬಾಯಿ ಇದ್ದದ್ದು ಆ ತುದಿಗೆ. ಅಲ್ಲಿಂದ ಬರುತ್ತಿದ್ದ ಮಬ್ಬು ನನ್ನ ಕಾಲಿನವರೆಗೂ ತಲುಪುತ್ತಿರಲಿಲ್ಲ. ಜಾರುವ ನೆಲ, ಮೊಣಕಾಲವರೆಗೆ ಕೆಸರು ನೀರು. ಗೋಡೆ ತಡವುತ್ತಾ ಹೊರಟವನು ಏಣಿ ಸಿಗದೆ ಎರಡು ಸುತ್ತು ಹಾಕಿದೆ. "ಯಾರಿದ್ದೀರಿ ಮೇಲೆ?" ಎಂದೆ. ನನ್ನ ದನಿಯೇ ನಾಲ್ಕು ಕಡೆಯಿಂದ ವಾಪಸು ಬಂತು.

ಹೆದರಿಕೆಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆಯಿತು.

ಹೊರಗೆ ಬಂದು ಟಾರ್ಚನ್ನು ಹಿಡಿದುಕೊಂಡು, "ಏನಪ್ಪಾ, ಒಂದು ಮಾತು ಹೇಳಬಾರದಿತ್ತಾ?" ಎಂದು ಕೇಳಿದೆ. ಹಾಸ್ಟೆಲ್ಲಿನ ಅಡುಗೆಯವನು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾರ್ಚ್ 27, ಗುರುವಾರ

ಬ್ರಷ್ಷು, ಬ್ಲೀಚಿಂಗ್ ಪೌಡರ್ ಮಾರುವ ಅಂಗಡಿಯಲ್ಲಿ ಅವನು ಎದುರಾದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಇಬ್ಬರ ನಡುವೆ ಬಕೆಟ್ಟುಗಳ ಗುಡ್ಡೆ.

"ಚೆನ್ನಾಗಿದ್ದೀಯಾ ಅಣ್ಣಾ?"

"ನನಗೇನಾಗಿದೆ?"

"ಹಗ್ಗ ಕಟ್ಕೋತೀಯಾ ತಾನೆ, ಇಳಿಯುವಾಗ?"

ಅವನು ಇದ್ದಾಗ ಸೊಂಟಕ್ಕೆ ಹಗ್ಗ ಕಟ್ಟದೆ ಬಿಡುತ್ತಿರಲಿಲ್ಲ. ನಾಯಿಗೆ ಕಟ್ಟಿದ ಹಾಗೆ ಕಟ್ಟುತ್ತೀಯಲ್ಲೋ ಎಂದು ನಾನು ಗೊಣಗುತ್ತಿದ್ದೆ. ಈಗ ಕಟ್ಟಿಕೊಂಡರೂ ಆ ಕೊನೆ ಹಿಡಿಯುವವರು ಯಾರು? "ಕಟ್ಕೋತೀನಿ" ಎಂದೆ. ಆಮೇಲೆ ಸುಮ್ಮನಿರಲಾರದೆ ಚೀಲದಿಂದ ಟಾರ್ಚ್ ತೆಗೆದು ತೋರಿಸಿದೆ. "ಬಿಸಿಲಲ್ಲೇ ನಡೆಯತ್ತೆ. ಇದು ಬಂದ ಮೇಲೆ ನನಗೆ ಯಾರ ಹಂಗೂ ಇಲ್ಲ."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ಕಪ್ಪು ಪಟ್ಟಿಯ ಮೇಲಿನ ಧೂಳನ್ನು ತನ್ನ ನೀಲಿ ಅಂಗಿಯಿಂದ ಒರೆಸಿದ. "ಚೆನ್ನಾಗಿದೆ. ಧೂಳು ಕೂತ್ರೆ ಸರಿಯಾಗಿ ಚಾರ್ಜ್ ಆಗಲ್ಲ ಅಣ್ಣಾ, ದಿನಾ ಒರೆಸು" ಎಂದ. ಮೂರು ವಾರದಿಂದ ನನಗೆ ಇದು ಹೊಳೆದಿರಲಿಲ್ಲ.

ಹೊರಡುವಾಗ ಹೇಳಿದ: "ಪೈಲ್ವಾನ ನನ್ನನ್ನೂ ಇಳಿಸ್ತಾನೆ. ಒಂದಿನ ಅವನು, ಒಂದಿನ ನಾನು." ಮುಖದಲ್ಲಿ ಹೊಸ ಸೈಕಲ್ಲು ಸಿಕ್ಕವರ ಕಳೆ ಇತ್ತು. ಅವನಿಗೆ ಇಳಿಯುವ ಆಸೆ ಇತ್ತೆಂದು ನನಗೆ ಯಾರು ಹೇಳಿದ್ದರು?

ಏಪ್ರಿಲ್ 1, ಮಂಗಳವಾರ

ಅದೇ ಅಂಗಡಿಯವನ ಹತ್ತಿರ, ಪೈಲ್ವಾನ ಟ್ಯಾಂಕನ್ನು ನೆಟ್ಟಗೆ ತೊಳೆಯುವುದಿಲ್ಲ, ಮೇಲೆ ಮೇಲೆ ನೀರು ಹಾಯಿಸಿ ಪೌಡರ್ ವಾಸನೆ ಬರಿಸುತ್ತಾನೆ ಎಂದೆ. ಕಣ್ಣಾರೆ ಕಂಡೆನೆಂದೂ ಸೇರಿಸಿದೆ. ಕಂಡಿಲ್ಲ. ಅವನ ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ, ಅದೇ ನನ್ನ ಸಂಕಟ.

ಏಪ್ರಿಲ್ 4, ಶುಕ್ರವಾರ

ಅಕ್ಷರ ಸೊಟ್ಟಗಿದ್ದರೆ ಇರಲಿ. ಇವತ್ತಿನದನ್ನು ಪೂರ್ತಿ ಬರೆಯಬೇಕು.

ನಾಲ್ಕು ಅಂತಸ್ತಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಟ್ಯಾಂಕು ನನಗೆ ಸಿಕ್ಕಿತ್ತು. ಕೆಳಗಿನ ಸಂಪು ಅವರಿಬ್ಬರಿಗೆ. ಅಲ್ಲಿಗೆ ಹೋದ ಮೇಲೇ ಗೊತ್ತಾಯಿತು. ಮೆಟ್ಟಿಲ ಹತ್ತಿರ ಪೈಲ್ವಾನ "ನಮಸ್ಕಾರ ಅಣ್ಣಾ" ಎಂದ. ಕೇಳಿಸದವನ ಹಾಗೆ ಹತ್ತಿದೆ.

ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ನನ್ನ ಟಾರ್ಚಿಗೆ ಅದರ ಗೊಡವೆಯಿಲ್ಲ. ಬೆನ್ನು ಒರೆಸಿ ಬಿಸಿಲಿಗಿಟ್ಟೆ. ಅವರದು ಉದ್ದ ವೈರಿನ ದೀಪ, ಕರೆಂಟಿನ ಪಂಪು, ಎರಡೂ ನಿಂತಿದ್ದವು. ಎಲ್ಲಿಂದಲೋ ಪೆಟ್ರೋಲಿನಲ್ಲಿ ಓಡುವ ಪಂಪು ತಂದರು, ಬೆಳಕಿಗೆ ರೇಡಿಯೊನ ಮೊಬೈಲು. ತಾರಸಿಯ ಅಂಚಿನಿಂದ ಬಗ್ಗಿ ನೋಡುತ್ತಿದ್ದೆ. ಅದರ ಪೈಪು ಗಿಡ್ಡ. ಅದಕ್ಕೇ ಪಂಪನ್ನು ಎಳೆದು ತಂದು ಸಂಪಿನ ಬಾಯಿಯ ಪಕ್ಕದಲ್ಲೇ ಇಟ್ಟರು.

ಹಾಗೆ ಇಡಬಾರದು. ಪಂಪಿನ ಹೊಗೆ ಸಂಪಿನೊಳಗೆ ಇಳಿಯುತ್ತದೆ, ಇಳಿದವನಿಗೆ ನಿದ್ದೆ ಬರುತ್ತದೆ, ಆ ನಿದ್ದೆಯಿಂದ ಏಳುವುದು ಗ್ಯಾರಂಟಿಯಿಲ್ಲ. ನನಗೆ ಕೆಲಸ ಕಲಿಸಿದವರು ಹೇಳಿದ್ದರಿಂದ ಇದು ಗೊತ್ತು, ಅವರಿಗೆ ಗೊತ್ತಿರಲಿಲ್ಲ. ನಾವು ಯಾವತ್ತೂ ಪೆಟ್ರೋಲ್ ಪಂಪು ಬಳಸಿದವರಲ್ಲ, ಅವನಿಗೆ ನಾನು ಹೇಳಿಕೊಡುವ ಸಂದರ್ಭವೇ ಬಂದಿರಲಿಲ್ಲ. ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಪೈಲ್ವಾನ ಏನೋ ಅಂದ, ರೇಡಿಯೊ ಅವನ ಭುಜಕ್ಕೆ ಹೊಡೆದು ನಕ್ಕ. ನನಗೇಕೆ, ಜಾಣರು, ನೋಡಿಕೊಳ್ಳಲಿ ಎಂದುಕೊಂಡು ತಿರುಗಿದೆ. ಇದನ್ನು ಈ ಪುಸ್ತಕ ಬಿಟ್ಟರೆ ಬೇರೆ ಎಲ್ಲೂ ಹೇಳಿಲ್ಲ.

ನಾನು ಕೆಲಸಕ್ಕೆ ಕೈ ಹಾಕಲಿಲ್ಲ. ಬ್ರಷ್ಷು ಹಿಡಿದು ಸುಮ್ಮನೆ ನಿಂತಿದ್ದೆ. ಪಂಪಿನ ಗಲಾಟೆಯ ನಡುವೆಯೂ ಅವನ ದನಿ ಮೇಲಕ್ಕೆ ಬರುತ್ತಿತ್ತು. ಮಾತು, ನಗು, "ಕೇಳಿಸ್ತಾ?", ಮತ್ತೆ ಮಾತು. ಆಮೇಲೆ "ಕೇಳಿಸ್ತಾ?" ಎರಡು ಸಲ ಬಂತು. ಮೂರನೆಯದು ಬರಲಿಲ್ಲ.

ಟಾರ್ಚ್ ಎತ್ತಿಕೊಂಡು ಓಡಿದೆ. ಲಿಫ್ಟ್ ಇಲ್ಲ, ನಾಲ್ಕು ಅಂತಸ್ತು. ನನ್ನ ಮಂಡಿ ಹೇಗೆ ಇಳಿಯಿತೋ ಗೊತ್ತಿಲ್ಲ. ಹೋಗುವಷ್ಟರಲ್ಲಿ ರೇಡಿಯೊ ಏಣಿಯ ಮೇಲೆ ಒಂದು ಕಾಲಿಟ್ಟಿದ್ದ. ಕೊರಳಪಟ್ಟಿ ಹಿಡಿದು ಎಳೆದು ಆಚೆ ಬಿಸಾಡಿದೆ. "ಇಳಿದ್ರೆ ಇಬ್ಬರೂ ಹೋಗ್ತೀರಿ. ಪಂಪ್ ಆರಿಸು. ಆಂಬುಲೆನ್ಸಿಗೆ ಫೋನ್ ಮಾಡು. ಮನೆ ಮನೆ ಬಾಗಿಲು ಬಡಿದು ನಾಲ್ಕು ಜನ ಗಂಡಸರನ್ನ ಕರ್ಕೊಂಡು ಬಾ" ಎಂದೆ. ಪಂಪನ್ನು ಒದ್ದು ದೂರ ತಳ್ಳಿದೆ. ಆ ತುದಿಯ ಇನ್ನೊಂದು ಮುಚ್ಚಳವನ್ನೂ ತೆಗೆದೆ.

ಒಳಗೆ ಬೆಳಕು ಬಿಟ್ಟೆ. ಪೈಲ್ವಾನ ಗೋಡೆಗೆ ಒರಗಿ ಕೂತಿದ್ದ, ನೀರು ಎದೆಯವರೆಗೆ, ಕತ್ತು ಒಂದು ಕಡೆ ವಾಲುತ್ತಿತ್ತು. ಸೊಂಟದಲ್ಲಿ ಹಗ್ಗ. ಕಟ್ಟಿದವನು ಯಾರೆಂದು ಹೇಳಬೇಕಾಗಿಲ್ಲ. ಆ ದೇಹವನ್ನು ಒಬ್ಬನೇ ಎಳೆಯಲು ಸಾಧ್ಯವಿರಲಿಲ್ಲ. ಮುಖ ನೀರಿಗೆ ಬೀಳದ ಹಾಗೆ ಹಗ್ಗವನ್ನು ಬಿಗಿಹಿಡಿದು ಕೈಗೆ ಸುತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಟಾರ್ಚನ್ನು ಅವನ ಕಣ್ಣಿಗೇ ಹಿಡಿದೆ. "ಮಲಗಬೇಡ" ಎಂದೆ. ಅವನು ಮಲಗುತ್ತಿದ್ದ. ಬರೀ ಮಲಗಬೇಡ ಎಂದರೆ ಯಾರು ಎದ್ದಿರುತ್ತಾರೆ? ಮಾತಾಡಲು ಶುರುಮಾಡಿದೆ.

ಏನು ಮಾತಾಡಿದೆನೋ. ಬಾಯಿಗೆ ಬಂದದ್ದೆಲ್ಲ. ಒಬ್ಬಳು ಅತ್ತೆ, ತನ್ನ ಮಗಳ ಹೊಸ ಮನೆಗೆಂದು ಹೋಗಿ, ಮಹಡಿ ತಪ್ಪಿ, ಯಾರದೋ ಮನೆಗೆ ನುಗ್ಗಿ, ಅಡುಗೆಮನೆ ಹೀಗಾ ಇಟ್ಕೊಳ್ಳೋದು ಎಂದು ಎರಡು ಗಂಟೆ ಡಬ್ಬಗಳನ್ನೆಲ್ಲ ಜೋಡಿಸಿದ್ದು. ಆ ಮನೆಯವರು ಸಂಕೋಚಕ್ಕೆ ಬಾಯಿ ಬಿಡದೆ ಟೀ ಮಾಡಿಕೊಟ್ಟದ್ದು. "ಆಮೇಲೆ ಅವಳು ಏನಂದಳು ಹೇಳು? ಕೇಳಿಸ್ತಾ? ಕೇಳಿಸ್ತೇನೋ?" ಎನ್ನುವುದು, ಅವನು "ಹ್ಞಂ" ಎನ್ನುವವರೆಗೆ ಬಿಡದಿರುವುದು. ಒಂದು ಮೇಕೆ ಪರೀಕ್ಷೆಯ ಉತ್ತರಪತ್ರಿಕೆ ತಿಂದದ್ದು. ಸೀನು ತಡೆಯಲಾರದ ಕ್ಷೌರಿಕನ ಹತ್ತಿರ ಊರ ದೊಡ್ಡಮನುಷ್ಯ ಮೀಸೆ ಕಳೆದುಕೊಂಡದ್ದು. ಮೀಸೆಯ ಹತ್ತಿರ ಬಂದಾಗ ಪೈಲ್ವಾನನ ತುಟಿ ಸ್ವಲ್ಪ ಅಲುಗಿತು. ಅಷ್ಟರಲ್ಲಿ ಜನ ಬಂದರು. ಆರು ಜನ ಎಳೆದೆವು.

ಆಸ್ಪತ್ರೆಗೆ ಕರೆದೊಯ್ದರು, ರೇಡಿಯೊ ಜೊತೆಯಲ್ಲಿ ಹೋದ. ಆಂಬುಲೆನ್ಸ್ ಹತ್ತುವಾಗ ತಿರುಗಿ ಕೂಡ ನೋಡಲಿಲ್ಲ.

ಏಪ್ರಿಲ್ 5, ಶನಿವಾರ

ಅಪಾಯವಿಲ್ಲವಂತೆ. ನನ್ನ ಅಂಗೈ ಹಗ್ಗಕ್ಕೆ ಸಿಪ್ಪೆ ಸುಲಿದಿದೆ. ಗಂಟಲು ಕಟ್ಟಿದೆ.

ಏಪ್ರಿಲ್ 9, ಬುಧವಾರ

ಓಣಿಯವರೆಲ್ಲ ನನ್ನನ್ನು ಹೊಗಳುತ್ತಿದ್ದಾರೆ. ಹಾಲಿನವನು ಕೈ ಮುಗಿದ. ಹೊಗಳಿದಷ್ಟೂ ಆ ತಾರಸಿಯ ಅಂಚು ಕಣ್ಣಿಗೆ ಬರುತ್ತದೆ. ಅವನು ಬಂದಿಲ್ಲ. ಐದು ದಿನ ಆಸ್ಪತ್ರೆಯಲ್ಲಿ ಪೈಲ್ವಾನನ ತಲೆದೆಸೆಯಲ್ಲೇ ಕೂತಿದ್ದಾನಂತೆ. ನನಗೆ ಮಂಡಿ ಊದಿಕೊಂಡಾಗ ಒಂದು ಸಂಜೆ ಬಂದು ಹೋಗಿದ್ದ, ಅಷ್ಟೆ. ಇಂಥ ಹೊತ್ತಿನಲ್ಲೂ ಇದನ್ನೆಲ್ಲ ತೂಗಿ ನೋಡುತ್ತಿದ್ದೇನಲ್ಲ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ರೇಡಿಯೊ ಬಂದ. ನೀಲಿ ಅಂಗಿ ಇರಲಿಲ್ಲ. ಹೆಂಡತಿ ಟೀ ತಂದಿಟ್ಟರೆ ಮುಟ್ಟಲಿಲ್ಲ.

"ಏನ್ ಮದ್ದು ಹಾಕ್ದೆ ಅವನಿಗೆ?" ಎಂದ.

"ಯಾರಿಗೆ?"

"ಪೈಲ್ವಾನಂಗೆ. ನಿನ್ನೆ ಆಸ್ಪತ್ರೆಯಿಂದ ಮನೆಗೆ ಬಂದ. ಬಂದೋನು ಹೇಳ್ತಾನೆ, ಇನ್ಮೇಲೆ ಇಳಿದ್ರೆ ಮೇಲೆ ಆ ಅಣ್ಣನೇ ಇರ್ಬೇಕಂತೆ. ಅವರು ಮಾತಾಡ್ತಿದ್ರೆ ಜೀವ ಹೋಗಲ್ಲ ಅಂತಾನೆ. ಎರಡು ತಿಂಗಳು ನಾನು ಗಂಟಲು ಹರ್ಕೊಂಡಿದ್ದು ಲೆಕ್ಕಕ್ಕೇ ಇಲ್ಲ. ನೀನು ಕಾಲು ಗಂಟೆ ಮಾತಾಡಿದ್ದು ದೊಡ್ಡದಾಯ್ತು. ನಿನಗೆ ಮಾತಾಡೋಕೆ ಯಾವಾಗ ಬಂತು?"

ಆ ಮುಖವನ್ನು ನೋಡಿದೆ. ಎರಡು ತಿಂಗಳಿಂದ ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡ ಮುಖ. ಮೊದಲು ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಉರಿಯಲಿ, ಇನ್ನೆರಡು ದಿನ ಉರಿಯಲಿ ಎನ್ನಿಸಿತು.

"ಏನ್ ಹೇಳ್ದೆ ಅವನಿಗೆ? ಅಂಥದ್ದೇನ್ ಹೇಳ್ದೆ?"

"ನಿಮ್ಮ ಸೋದರತ್ತೆ ಮಹಡಿ ತಪ್ಪಿದ್ದು" ಎಂದೆ. "ಮೇಕೆ ಪೇಪರ್ ತಿಂದಿದ್ದು. ನಿಮ್ಮ ಮಾವನ ಅಂಗಡಿಯಲ್ಲಿ ಮೀಸೆ ಹೋಗಿದ್ದು. ಇನ್ನೂ ಇತ್ತು, ಅಷ್ಟರಲ್ಲಿ ಜನ ಬಂದ್ರು."

ಅವನು ಸುಮ್ಮನೆ ನೋಡಿದ. ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಇದೇ ಎರಡನೆಯ ಸಲ.

"ನೀನು ಕೇಳಿಸ್ಕೋತಿದ್ಯಾ?"

"ಹನ್ನೊಂದು ವರ್ಷ ಹೇಳಿದ್ರೆ ಗೋಡೆಗೂ ಬಾಯಿಪಾಠ ಆಗತ್ತೆ. ನನಗೆ ಸ್ವಂತದ್ದು ಒಂದೂ ಬರಲ್ಲ ಕಣೋ. ಅವನನ್ನ ಎಬ್ಬಿಸಿಟ್ಟಿದ್ದು ನೀನೇ."

ಅವನ ಕಣ್ಣು ತುಂಬಿತು. ಆರಿದ ಟೀಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದ. ಅಲ್ಲಿಗೇ ನಿಲ್ಲಿಸಿದ್ದರೆ ಅವನು ನಾಳೆಯಿಂದಲೇ ನನ್ನ ಜೊತೆ ಬಂದುಬಿಡುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ತಿಂಗಳಿಂದ ಬೇಡಿದ್ದು ಇದನ್ನೇ.

"ಇನ್ನೊಂದಿದೆ" ಎಂದೆ. "ಪಂಪನ್ನ ಬಾಯಿ ಹತ್ರ ಇಟ್ಟಿದ್ದು ನಾನು ಮೇಲಿಂದ ನೋಡಿದ್ದೆ. ಅಪಾಯ ಅಂತಲೂ ಗೊತ್ತಿತ್ತು."

"ನೋಡಿದ್ಯಾ?"

"ಕೂಗಬೇಕು ಅಂದ್ಕೊಂಡೆ. ನೀವಿಬ್ಬರೂ ನಗ್ತಿದ್ರಿ. ಕೂಗಲಿಲ್ಲ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಹೆಂಡತಿಗೂ ಕೇಳಿಸಿರಬೇಕು. ಅವನು ಲೋಟವನ್ನು ಕೆಳಗಿಟ್ಟ. ಎದ್ದು ಬಾಗಿಲವರೆಗೆ ಹೋದ, ಚಪ್ಪಲಿ ಮೆಟ್ಟಿದ. ನಾನು ನೆಲ ನೋಡುತ್ತಾ ಕೂತಿದ್ದೆ. ಬೈದಿದ್ದರೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಎಷ್ಟು ಹೊತ್ತಾದರೂ ಹೆಜ್ಜೆ ಸದ್ದು ಕೇಳಲಿಲ್ಲ, ತಲೆ ಎತ್ತಿದರೆ ಅಲ್ಲೇ ನಿಂತಿದ್ದ.

"ಇದನ್ನ ಅವನಿಗೂ ಹೇಳ್ಬೇಕು" ಎಂದ.

"ಹೇಳ್ತೀನಿ. ನಾಳೆನೇ ಹೋಗ್ತೀನಿ."

"ಅವನು ಏನಂತಾನೋ ನನಗೆ ಗೊತ್ತಿಲ್ಲ. ಕೈ ಎತ್ತಿದ್ರೂ ಎತ್ತಬಹುದು."

"ಎತ್ತಲಿ."

ಅವನು ಹೊಸ್ತಿಲ ಆಚೆ ಒಂದು ಕಾಲಿಟ್ಟು ನಿಂತ. ನನ್ನ ಮುಖ ನೋಡಲಿಲ್ಲ, ಬೀದಿ ನೋಡುತ್ತಾ ಹೇಳಿದ.

"ಒಬ್ಬನೇ ಹೋಗ್ಬೇಡ. ಏಳು ಗಂಟೆಗೆ ಬರ್ತೀನಿ."